ಪೈಲಟ್ ಅಲ್ಲ, ನ್ಯಾವಿಗೇಟರ್

ಪ್ರೀತಿಯ ಗೆಳೆಯ,

ವಾಯುಪಡೆಯಲ್ಲಿದ್ದ ದೊಡ್ಡಪ್ಪನ ಹಾರಾಟದ ಲಾಗ್‌ಬುಕ್ ನನ್ನ ಕೈಗೆ ಬಂದಿದೆ ಅಂದಿದ್ದೇ ತಡ, "ಯುದ್ಧದ ಕಥೆ ಬರಿ" ಎಂದು ಹಟ ಹಿಡಿದಿದ್ದೀಯ. ಕಥೆ ಅದರಲ್ಲಿಲ್ಲ ಕಣೋ. ತಾರೀಕು, ವಿಮಾನದ ನಂಬರು, ಪೈಲಟ್ ಹೆಸರು, ಎಷ್ಟು ಹೊತ್ತಿನ ಹಾರಾಟ, ಅಷ್ಟೇ. ಹಗಲಿನದಕ್ಕೆ ಒಂದು ಕಾಲಂ, ರಾತ್ರಿಯದಕ್ಕೆ ಇನ್ನೊಂದು. ತಿಂಗಳ ಕೊನೆಗೆ ಗಂಟೆಗಳನ್ನು ಕೂಡಿಸಿ ಮೇಲಧಿಕಾರಿಯ ಸಹಿ. ಪಾಕಿಸ್ತಾನದ ಜೊತೆ ಯುದ್ಧ ನಡೆದ 1971ರ ಡಿಸೆಂಬರ್ ಪುಟವೂ ಹೀಗೇ ಇದೆ. ಶತ್ರುವಿನ ಮೇಲೆ ಬಾಂಬ್ ಹಾಕಿ ಬಂದ ರಾತ್ರಿಗೂ ಒಂದು ಸಾಲು, ರಿಪೇರಿಯಾದ ವಿಮಾನವನ್ನು ಸುಮ್ನೆ ಹಾರಿಸಿ ನೋಡಿದ ಬೆಳಿಗ್ಗೆಗೂ ಒಂದೇ ಸಾಲು.

ನಿನಗೆ ನೆನಪಿರಬಹುದು, ನಮ್ಮ ನೆಂಟರೆಲ್ಲ ಅವರನ್ನು ಪೈಲಟ್ ಅಂತಲೇ ಪರಿಚಯ ಮಾಡಿಕೊಡುತ್ತಿದ್ದರು. "ಪೈಲಟ್ ಅಲ್ಲ, ನ್ಯಾವಿಗೇಟರ್" ಎಂದು ಅವರು ತಿದ್ದುತ್ತಿದ್ದರು. "ಎರಡೂ ಒಂದೇ ಅಲ್ವಾ" ಎನ್ನುತ್ತ ಕೇಳಿದವರು ಊಟದ ಪಂಕ್ತಿಗೆ ನಡೆಯುತ್ತಿದ್ದರು. ಒಂದೇ ಅಲ್ಲ. ಪೈಲಟ್ ವಿಮಾನ ಹಾರಿಸುತ್ತಾನೆ, ನ್ಯಾವಿಗೇಟರ್ ದಾರಿಯ ಲೆಕ್ಕ ಹಾಕಿ ಹೇಳುತ್ತಾನೆ.

ಅವರು ಹಾರಿದ್ದು ಕ್ಯಾನ್‌ಬೆರಾದಲ್ಲಿ. ಜೆಟ್ ಬಾಂಬರ್. ನಮ್ಮ ವಾಯುಪಡೆಗೆ 1957ರಲ್ಲಿ ಬಂತು, 2007ರಲ್ಲಿ ನಿವೃತ್ತಿಯಾಯಿತು. 1961ರಲ್ಲಿ ಪೋರ್ಚುಗೀಸರ ಕೈಲಿದ್ದ ಗೋವಾದ ದಾಬೋಳಿ ರನ್‌ವೇ, 1965ರಲ್ಲಿ ಪಾಕಿಸ್ತಾನದ ಬಾದಿನ್‌ನ ರಡಾರ್ ಕೇಂದ್ರ, ಎರಡರ ಮೇಲೂ ದಾಳಿ ಮಾಡಿದ್ದು ಇದೇ ವಿಮಾನ. ಆಗ ಜಿಪಿಎಸ್ ಎಲ್ಲಿತ್ತು? ವೇಗ, ದಿಕ್ಕು, ಗಡಿಯಾರ, ಗಾಳಿ ಇಷ್ಟನ್ನೂ ಲೆಕ್ಕ ಹಾಕಿ "ಈಗ ಇಲ್ಲಿದ್ದೇವೆ" ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಗಂಟೆಗೆ 720 ಕಿ.ಮೀ. ವೇಗ ಎಂದಿಟ್ಟುಕೋ. ನಿಮಿಷಕ್ಕೆ 12 ಕಿ.ಮೀ. ಆಯಿತು. ಗಡಿಯಾರ ಒಂದು ನಿಮಿಷ ತಪ್ಪಿದರೆ ಮೆಜೆಸ್ಟಿಕ್‌ನಲ್ಲಿ ಇರಬೇಕಾದವರು ಮಾರತ್ತಹಳ್ಳಿ ಹತ್ತಿರ ಇರುತ್ತಾರೆ. ಗಂಟೆಗೆ 60 ಕಿ.ಮೀ. ಅಡ್ಡಗಾಳಿ ಬೀಸುತ್ತಿದ್ದು, ಅದನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಗಂಟೆ ಹಾರಿದರೆ 60 ಕಿ.ಮೀ. ಪಕ್ಕಕ್ಕೆ! ಯುದ್ಧದ ರಾತ್ರಿಗಳಲ್ಲಿ ಊರುಗಳಿಗೆ ಬ್ಲ್ಯಾಕೌಟ್ ಬೇರೆ. ಕೆಳಗೆ ನೋಡಿ ಗುರುತು ಹಿಡಿಯೋಣ ಎಂದರೆ ಒಂದು ದೀಪವೂ ಇಲ್ಲ.

ಇನ್ನೊಂದು ಸಂಗತಿ ನನಗೆ ಈಚೆಗಷ್ಟೇ ತಿಳಿಯಿತು. ಅವರು ಜಾಸ್ತಿ ಹಾರಿದ್ದು ಬಿ(ಐ)58 ಎಂಬ ಮಾದರಿಯಲ್ಲಿ. ಅದರಲ್ಲಿ ಪೈಲಟ್ ಮೇಲೆ ಗಾಜಿನ ಗುಮ್ಮಟದೊಳಗೆ ಕೂರುತ್ತಾನೆ, ನ್ಯಾವಿಗೇಟರ್ ಕೆಳಗೆ ಮೂತಿಯೊಳಗೆ. ಅಪಾಯವಾದರೆ ಮನುಷ್ಯನನ್ನು ಹೊರಗೆ ಚಿಮ್ಮಿಸುವ ಸೀಟು ಇದ್ದದ್ದು ಪೈಲಟ್‌ಗೆ ಮಾತ್ರ. ನ್ಯಾವಿಗೇಟರ್ ತಾನೇ ತೆವಳಿ ಬಾಗಿಲಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಬೇಕು. ನೆಲಕ್ಕೆ ಹತ್ತಿರ ಹಾರುವಾಗ ಅದಕ್ಕೆಲ್ಲ ಪುರುಸೊತ್ತು ಎಲ್ಲಿ? ದೊಡ್ಡಮ್ಮನಿಗೆ ಇದು ಗೊತ್ತಾಗಿದ್ದೇ ಅವರು ರಿಟೈರ್ ಆಗಿ ಇಂದಿರಾನಗರದ ಮನೆಗೆ ಬಂದ ಮೇಲಂತೆ. "ಮೊದಲೇ ಹೇಳಿದ್ರೆ ನೀನು ಬಿಡ್ತಿದ್ದೆಯಾ?" ಅಂದರಂತೆ ದೊಡ್ಡಪ್ಪ. ಅದನ್ನು ಹೇಳುವಾಗ ದೊಡ್ಡಮ್ಮನಿಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಲಾಗ್‌ಬುಕ್ ಇದ್ದದ್ದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಹಾಗಾಗಿ ಹುಳ ಹಿಡಿದಿಲ್ಲ, ನುಸಿಗುಳಿಗೆ ವಾಸನೆ ಮಾತ್ರ ವಿಪರೀತ. ಅಣ್ಣ ಪುಟ ಪುಟವನ್ನೂ ಲ್ಯಾಮಿನೇಟ್ ಮಾಡಿಸುತ್ತೇನೆ ಎಂದು ಹೊರಟಿದ್ದ. ಬೇಡವೇ ಬೇಡ ಎಂದು ತಡೆದೆ. ಬಿಸಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಫೋಟೊ ತೆಗೆದಿಟ್ಟುಕೊಂಡು, ಮೂಲವನ್ನು ಆ್ಯಸಿಡ್ ಇಲ್ಲದ ಕಾಗದದಲ್ಲಿ ಸುತ್ತಿಟ್ಟರೆ ಸಾಕು. ಮ್ಯೂಸಿಯಂಗೆ ಕೊಡುವ ಮಾತೂ ಬಂತು. ದೊಡ್ಡಮ್ಮ ಇರುವವರೆಗೆ ಅದು ಬೀರುವಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಈಗ ನಿನಗೊಂದು ಕೆಲಸ. ನಿಮ್ಮ ಮಾವ ಆಗ್ರಾದಲ್ಲಿ ಏರ್‌ಫೋರ್ಸ್‌ನಲ್ಲಿದ್ದವರಲ್ವಾ? ಕೊನೆಯ ಕಾಲಂನಲ್ಲಿ ಏನೇನೋ ಚುಟುಕು ಅಕ್ಷರಗಳಿವೆ. 'ಡಿ.ಸಿ.ಓ.' ಅಂದರೆ ಕೊಟ್ಟ ಕೆಲಸ ಮುಗಿಯಿತು ಎಂದು ತಿಳಿದುಕೊಂಡೆ, ಉಳಿದವು ಬಗೆಹರಿದಿಲ್ಲ. ನಾಲ್ಕು ಪುಟದ ಫೋಟೊ ವಾಟ್ಸಾಪ್ ಮಾಡುತ್ತೇನೆ. ಅವರಿಗೆ ಕನ್ನಡಕ ಹಾಕಿಸಿ, ಬಿಡುವಾಗಿ ತೋರಿಸು.

ಇಂತಿ ನಿನ್ನ,
ಬೆಂಗಳೂರಿನ ಗೆಳೆಯ