ತಲೆನೋವನ್ನು ಬಚ್ಚಿಡಬೇಡ

ಚಿ. ಅನುಪಮಾಳಿಗೆ ಮಾವನ ಆಶೀರ್ವಾದಗಳು.

ಎತ್ತರದ ಬೆಟ್ಟ ಹತ್ತಲು ಹೊರಟಿದ್ದೇನೆಂದು ನೀನು ಬರೆದ ಪತ್ರ ತಲುಪಿತು. ಬೂಟು, ಬೆಚ್ಚನೆಯ ಬಟ್ಟೆ, ರಜೆಯ ವಿಚಾರವನ್ನೆಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ. ಆದರೆ ಕೊನೆಯಲ್ಲಿ ನೀನು ಬರೆದ ಸಾಲು ನನ್ನನ್ನು ಬಿಡುತ್ತಿಲ್ಲ: "ಗುಂಪಿನಲ್ಲಿ ನಾನೊಬ್ಬಳೇ ಹೊಸಬಳು. ತಲೆನೋವು ಗಿಲೆನೋವು ಬಂದರೂ ಯಾರಿಗೂ ಹೇಳದೆ ಹತ್ತಿಬಿಡುತ್ತೇನೆ."

ಎತ್ತರಕ್ಕೆ ನಾನು ಅಷ್ಟು ಹೆದರುವುದಿಲ್ಲ. ಆ "ಯಾರಿಗೂ ಹೇಳದೆ" ಎಂಬುದಕ್ಕೆ ಹೆದರುತ್ತೇನೆ.

ಪ್ರಾಯದಲ್ಲಿ ನನಗೂ ಬೆಟ್ಟದ ಹುಚ್ಚಿತ್ತು. ಒಮ್ಮೆ ರಜೆ ಸಾಲದೆಂದು ಒಂದೇ ದಿನದಲ್ಲಿ ವಾಹನದಲ್ಲಿ 3,500 ಮೀಟರಿಗೆ ಏರಿ, ಮರುದಿನವೇ ನಡೆಯತೊಡಗಿದೆವು. ನಮ್ಮೆಲ್ಲರಿಗಿಂತ ಗಟ್ಟಿಗನಾದ ಗೆಳೆಯ ರಾತ್ರಿ ಊಟ ಬೇಡವೆಂದ. ದಣಿವಿರಬೇಕು ಎಂದುಕೊಂಡೆವು. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಕುಳಿತವನು ಎರಡೂ ತುದಿಗಳನ್ನು ಹಿಡಿದುಕೊಂಡು ಅವುಗಳನ್ನೇ ನೋಡುತ್ತಿದ್ದ. ಮುಂದೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಎದ್ದು ನಿಂತರೆ ಕುಡಿದವನ ಹಾಗೆ ವಾಲಿದ. ಮಿದುಳು ಊದಿಕೊಳ್ಳುತ್ತಿದೆ ಎಂಬುದರ ಗುರುತು ಅದು. ಸಾಮಾನು ಹೊರುವವರೇ ಗುರುತಿಸಿ ಅವನನ್ನು ಹೊತ್ತು ಕೆಳಗಿಳಿಸಿದರು. ಸಾವಿರ ಮೀಟರ್ ಇಳಿಯುವಷ್ಟರಲ್ಲಿ ನನ್ನ ಹೆಸರು ಹಿಡಿದು ಕರೆದ. ಬದುಕಿದ. ಹಿಂದಿನ ದಿನದಿಂದಲೂ ತಲೆ ಸಿಡಿಯುತ್ತಿತ್ತಂತೆ. ಅವನ ಪಕ್ಕದಲ್ಲೇ ಮಲಗಿದ್ದವನು ನಾನು. ಬಾಯಿಬಿಟ್ಟು ಹೇಳುವಷ್ಟು ಸಲಿಗೆ ನಮ್ಮಲ್ಲಿ ಇರಲಿಲ್ಲವೇ ಎಂದು ಈಗಲೂ ಕೊರಗುತ್ತೇನೆ.

ದೇಹದ ಗಟ್ಟಿತನ ಇಲ್ಲಿ ಕಾಯುವುದಿಲ್ಲ ಮಗಳೇ. ಗಾಳಿಯಲ್ಲಿ ಆಮ್ಲಜನಕದ ಪಾಲು ಮೇಲೆಯೂ ಶೇ. 21ರಷ್ಟೇ ಇರುತ್ತದೆ, ಆದರೆ ಒತ್ತಡ ಕುಸಿಯುತ್ತದೆ. 5,500 ಮೀಟರಿನಲ್ಲಿ ಒಂದೊಂದು ಉಸಿರಿಗೂ ದಕ್ಕುವುದು ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧ. ಅದಕ್ಕೆ ಒಗ್ಗಿಕೊಳ್ಳಲು ದಿನಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗೂ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ತಂಗಬೇಕು ಎನ್ನುತ್ತಾರೆ. ಹಗಲಲ್ಲಿ ಇನ್ನಷ್ಟು ಮೇಲೆ ಹೋಗಿ ಬಂದರೆ ಅಡ್ಡಿಯಿಲ್ಲ.

ಉಪದೇಶ ಹೆಚ್ಚಾಯಿತೇನೋ, ಬೇಸರಿಸಬೇಡ. ದೇಹ ಎತ್ತರಕ್ಕೆ ಬೇಗ ಒಗ್ಗಲೆಂದು ಅಸಿಟಜೋಲಮೈಡ್ ಎಂಬ ಮಾತ್ರೆಯನ್ನು ಹತ್ತುವ ಹಿಂದಿನ ದಿನದಿಂದಲೇ ಕೊಡುವುದುಂಟು. ನಾನು ವೈದ್ಯನಲ್ಲ, ನಿನ್ನ ವೈದ್ಯರನ್ನು ಕೇಳು, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಮೊದಲೇ ತಿಳಿಸು. ಮೇಲೆ ನಿದ್ದೆ ಕೆಡುತ್ತದೆ, ಹಾಗೆಂದು ನಿದ್ದೆ ಮಾತ್ರೆ ನುಂಗಬೇಡ. ಮದ್ಯವೂ ಬೇಡ.

ಮತ್ತೆ ಅಲ್ಲಿಗೇ ಬರುತ್ತೇನೆ. ತಲೆನೋವಿನ ಜೊತೆ ಹೊಟ್ಟೆ ತೊಳಸಿದರೆ, ಊಟ ಸೇರದಿದ್ದರೆ ಆಗಲೇ ಹೇಳು. ವಾಸಿಯಾಗುವ ತನಕ ಒಂದು ಹೆಜ್ಜೆಯೂ ಮೇಲೆ ಬೇಡ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನೆಟ್ಟಗೆ ಗೆರೆ ಹಿಡಿದು ನಡೆಯಲಾಗದಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. ಯಾರನ್ನಾದರೂ ಜೊತೆಗೆ ಕರೆದುಕೊಂಡು ಕೆಳಗಿಳಿ. ನಿನ್ನಿಂದಾಗಿ ನಾಲ್ಕು ಜನ ಒಂದು ದಿನ ತಡೆದು ನಿಂತರೆ ನಿಲ್ಲಲಿ. ಅವರಲ್ಲೂ ಒಬ್ಬರು ನಿನ್ನ ಹಾಗೆಯೇ ಬಾಯಿ ಮುಚ್ಚಿಕೊಂಡಿರಬಹುದು.

ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎಂದು ಕರೆದೊಯ್ಯುವವರನ್ನು ಕೇಳಿ ಬರೆದು ಕಳುಹಿಸು. ಡೇರೆಯಲ್ಲಿ ನಿನ್ನ ಪಕ್ಕ ಮಲಗುವವರು ಯಾರೆಂಬುದನ್ನೂ ಬರೆ.

ಇತಿ ನಿನ್ನ ಮಾವ