ಮಗಳಿಗೊಂದು ಪತ್ರ: ಓದಿದ್ದನ್ನು ತೂಗುವ ಬಗ್ಗೆ

ಸೋಮವಾರಪೇಟೆ

ಪ್ರೀತಿಯ ಮಗಳೇ,

ಮಗುವಿಗೆ ದಡಾರದ ಲಸಿಕೆ ಹಾಕಿಸುವ ಮುನ್ನ ಎಲ್ಲವನ್ನೂ ಸ್ವತಃ ಓದಿ ತೀರ್ಮಾನಿಸುವೆನೆಂದು ಬರೆದಿದ್ದೀಯೆ. ಓದು, ನಾನು ಅಡ್ಡ ಬರುವುದಿಲ್ಲ. ಪ್ರಶ್ನೆ ಕೇಳುವ ತಾಯಿಯನ್ನು ಗದರಿಸಿ ಕಳಿಸುವವರ ಮೇಲೆ ನನಗೂ ಸಿಟ್ಟಿದೆ. ಆದರೆ ಓದಿದ್ದನ್ನು ತೂಗುವ ಶಕ್ತಿ ಓದಿದ ಮಾತ್ರಕ್ಕೆ ಬಂದುಬಿಡುವುದಿಲ್ಲ.

ದಡಾರದ ಜೊತೆಗೆ ಮಂಗಬಾವು, ರುಬೆಲ್ಲಾಗಳಿಗೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆಯೆಂಬ ಭಯ ಹರಡಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ. ಅದು ಕೇವಲ 12 ಮಕ್ಕಳನ್ನು ಕುರಿತದ್ದೆಂಬುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಆದರೆ ಅದರ ದೊಡ್ಡ ದೋಷವಿದ್ದದ್ದು ಲೇಖನದಲ್ಲಿ ಬರೆದದ್ದಕ್ಕೂ ಆ ಮಕ್ಕಳ ಆಸ್ಪತ್ರೆಯ ದಾಖಲೆಗಳಿಗೂ ತಾಳೆಯಾಗದಿದ್ದುದರಲ್ಲಿ. ಅದನ್ನು ನಾವು ಮನೆಯಲ್ಲಿ ಕುಳಿತು ಎಷ್ಟು ಸಲ ಓದಿದ್ದರೂ ಕಂಡುಹಿಡಿಯಲಾಗುತ್ತಿರಲಿಲ್ಲ. ಪತ್ರಕರ್ತ ಬ್ರಯಾನ್ ಡೀರ್ ವರ್ಷಗಟ್ಟಲೆ ಬೆನ್ನುಹತ್ತಿ ಅದನ್ನು ಬಯಲಿಗೆಳೆದರು. 2010ರಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರನ್ನು ತೆಗೆದುಹಾಕಲಾಯಿತು.

ಲಸಿಕೆಯ ನಂತರವೇ ನಮ್ಮ ಮಗು ಬದಲಾಯಿತು ಎನ್ನುವ ತಾಯಂದಿರು ಸುಳ್ಳು ಹೇಳುತ್ತಿಲ್ಲ. ಆಟಿಸಂನ ಲಕ್ಷಣಗಳು ಅನೇಕ ವೇಳೆ ಎದ್ದು ಕಾಣತೊಡಗುವುದೂ ಈ ಲಸಿಕೆಗಳ ಸುತ್ತಮುತ್ತಲಿನ ವಯಸ್ಸಿನಲ್ಲಿಯೇ. ನಮ್ಮ ಅರೇಬಿಕಾ ಕಾಫಿ ತೋಟದಲ್ಲಿ ಗಿಡದ ಕಾಂಡ ಕೊರೆಯುವ ಹುಳುವಾದ ಬಿಳಿ ಕಾಂಡಕೊರಕದ ವಿಷಯದಲ್ಲೂ ಹೀಗೆಯೇ ಆಗುತ್ತದೆ. ಯಾವುದೋ ದ್ರಾವಣ ಬಳಿದ ವರ್ಷ ಆ ಹುಳು ಕಡಿಮೆಯಾದರೆ, ಅದು ದ್ರಾವಣದ ಗುಣವೋ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯನ್ನು ಹಗುರವಾಗಿ ಮಾಡಿ ನೆರಳು ಉಳಿಸಿಕೊಂಡದ್ದರಿಂದಲೋ, ಹುಳು ಬಿದ್ದ ಗಿಡಗಳನ್ನು ಹಿಂದಿನ ವರ್ಷ ಕಿತ್ತು ಸುಟ್ಟದ್ದರಿಂದಲೋ ಎಂಬುದನ್ನು ಒಂದು ತೋಟ ಹೇಳಲಾರದು. ಚೆಟ್ಟಳ್ಳಿಯಲ್ಲಿರುವಂಥ ಕಾಫಿ ಸಂಶೋಧನಾ ಕೇಂದ್ರದವರು ಔಷಧ ಹಾಕಿದ ಗಿಡಗಳನ್ನು ಹಾಕದ ಗಿಡಗಳೊಂದಿಗೆ ಹೋಲಿಸಿ ನೋಡುವುದು ಇದಕ್ಕಾಗಿಯೇ. ಡೆನ್ಮಾರ್ಕಿನವರು ಮಾಡಿದ್ದೂ ಅಂಥದೇ ಹೋಲಿಕೆ: 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ, ಎಂಎಂಆರ್ ಲಸಿಕೆ ಪಡೆದವರಲ್ಲಿ ಪಡೆಯದವರಿಗಿಂತ ಆಟಿಸಂ ಹೆಚ್ಚಿಲ್ಲವೆಂದು 2019ರಲ್ಲಿ ಪ್ರಕಟಿಸಿದರು. ಇಂಥ ಲೆಕ್ಕವನ್ನು ನೀನೊಬ್ಬಳೇ ರಾತ್ರಿ ನಿದ್ದೆಗೆಟ್ಟು ಮಾಡಲಾರೆ, ಮಾಡಬೇಕಾಗಿಯೂ ಇಲ್ಲ.

ನಿನ್ನ ಕೈಯಲ್ಲಿರುವ ಕೆಲಸ ಬೇರೆ. ಈ ಮಾತನ್ನು ಹೇಳುತ್ತಿರುವವರು ಯಾರು, ಅವರಿಗೆ ಅದರಿಂದ ಲಾಭವಿದೆಯೇ, ಬೇರೆ ದೇಶದ ಬೇರೆ ತಂಡಗಳು ಪರೀಕ್ಷಿಸಿದಾಗಲೂ ಅದೇ ಉತ್ತರ ಬಂದಿದೆಯೇ ಎಂದು ವಿಚಾರಿಸುವುದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಒಬ್ಬರೇ ತಜ್ಞರ ಮಾತನ್ನು, ಅವರು ಎಷ್ಟೇ ದೊಡ್ಡವರಾಗಿರಲಿ, ನಾನು ಪೂರ್ತಿ ನಂಬುವುದಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಹುಡುಕುವ ಕ್ಷೇತ್ರದಲ್ಲಿ ಬಹುಮಂದಿ ಒಂದೇ ತೀರ್ಮಾನಕ್ಕೆ ಬಂದಾಗ ನಂಬುತ್ತೇನೆ.

ಈ ಲಸಿಕೆಯಿಂದ ಜ್ವರ, ಮೈಮೇಲೆ ದದ್ದು ಬರಬಹುದು. ಅಪರೂಪಕ್ಕೆ ಜ್ವರದಿಂದ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ಅದನ್ನು ಮುಚ್ಚಿಡುವುದಿಲ್ಲ. ದಡಾರವೇ ಬಂದರೆ ನ್ಯುಮೋನಿಯಾ, ಮಿದುಳಿನ ಉರಿಯೂತದವರೆಗೂ ಹೋಗಬಹುದೆಂಬುದನ್ನೂ ಪಕ್ಕದಲ್ಲಿಟ್ಟು ನೋಡು. ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದಾಗ. ಅದಕ್ಕೆ ಮುಂಚೆಯೇ ನಿನ್ನ ಸಂದೇಹಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಅಳಿಯಂದಿರನ್ನೂ ಕರೆದುಕೊಂಡು ಮಕ್ಕಳ ವೈದ್ಯರ ಬಳಿಗೆ ಹೋಗು. ಅವರು ಕೊಟ್ಟ ಉತ್ತರಗಳಲ್ಲಿ ಯಾವುದು ನಿನಗೆ ಸಮಾಧಾನ ತರಲಿಲ್ಲವೆಂದು ನನಗೂ ತಿಳಿಸು.

ನಿನ್ನ ಅಮ್ಮ