ನಾಲ್ಕನೇ ಪುಸ್ತಕ ಬಿಟ್ಟು ಓದ್ಬೇಡಿ

ಸಂಪಾದಕರೇ, ನಮಸ್ಕಾರ.

ಭಾನುವಾರದ ಪುಸ್ತಕದ ಪುಟದಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಅನ್ನೋ ಕಾಲ್ಪನಿಕ ರಾಜ್ಯಗಳ ಕಾದಂಬರಿ ಸೀರೀಸ್ ಬಗ್ಗೆ ಬರೆದೋರು, ನಾಲ್ಕನೇದು 'ಎ ಫೀಸ್ಟ್ ಫಾರ್ ಕ್ರೋಸ್' ಬೋರು, ಬೇಕಾದ್ರೆ ಬಿಟ್ಬಿಡಿ ಅಂದಿದಾರೆ. 2005ರಲ್ಲಿ ಅದು ಬಂದಾಗಿಂದ ಇದೇ ಮಾತು. ಸಿಟ್ಟು ಯಾಕೆ ಅಂತ ಗೊತ್ತು, ಐದು ವರ್ಷ ಕಾದ ಜನಕ್ಕೆ ಮೆಚ್ಚಿನ ಪಾತ್ರಗಳೇ ಇಲ್ಲ, ಟಿರಿಯನ್ನೂ ಇಲ್ಲ, ಡನೇರಿಸ್ಸೂ ಇಲ್ಲ, ಜಾನ್ ಸ್ನೋ ಬಂದೂ ಬರದ ಹಾಗೆ, ಮೇಲಿಂದ ಅವರ ಕಥೆ ಇರೋ ಉಳಿದರ್ಧ ಮುಂದಿನ ವರ್ಷ ಬರಬಹುದು ಅಂತ ಕೊನೇಲಿ ಒಂದು ನೋಟ್ ಬೇರೆ. ಬಂದಿದ್ದು 2011ಕ್ಕೆ!

ಆದ್ರೂ ನನಗೆ ಐದರಲ್ಲಿ ಇದೇ ಇಷ್ಟ. ಮೂರನೇದ್ರಲ್ಲಿ ಯುದ್ಧ ಹೆಚ್ಚುಕಮ್ಮಿ ಮುಗೀತು, ಇದು ಅದಾದ್ಮೇಲಿನ ಕಥೆ, ಸುಟ್ಟ ಊರು, ಮರಕ್ಕೆ ನೇತಾಕಿದ ಹೆಣ, ತಿನ್ನೋಕೆ ಗತಿಯಿಲ್ಲದ ಜನ. ಬ್ರಿಯನ್ ಅನ್ನೋ ಕತ್ತಿ ಹಿಡಿದ ಹೆಂಗಸು ಸಾನ್ಸಾ ಅನ್ನೋ ಕಾಣೆಯಾದ ದೊಡ್ಡ ಮನೆತನದ ಹುಡುಗೀನ ಹುಡುಕ್ಕೊಂಡು ಅಲೀತಾಳೆ, ಆ ಹುಡುಗಿ ಎಲ್ಲಿದಾಳೆ ಅಂತ ನಮಗೆ ಗೊತ್ತು, ಇವಳು ಹೋಗ್ತಿರೋ ದಾರೀಲಿ ಸಿಗಲ್ಲ ಅಂತಾನೂ ಗೊತ್ತು, ಅದಕ್ಕೇ ಜನ ಏನೂ ನಡಿಯಲ್ಲ ಅಂತ ಬೈತಾರೆ. ನಾನಂತೂ ಸಾನ್ಸಾನ ಮರೆತು ದಾರೀನೇ ನೋಡ್ತಾ ಕೂತೆ. ಅಲ್ಲೇ ಸಿಗೋದು ಮೆರಿಬಾಲ್ಡ್ ಅನ್ನೋ ಬರಿಗಾಲ ಪಾದ್ರಿ, ಒಂದು ಕತ್ತೆ, ಒಂದು ನಾಯಿ, ಹಂಚೋಕೆ ಕಿತ್ತಳೆ ಹಣ್ಣು. ಹಾಡು ಕೇಳಿ ಹುರುಪಲ್ಲಿ ಯುದ್ಧಕ್ಕೆ ಹೊರಟ ಹಳ್ಳಿ ಹುಡುಗ ಕೊನೆಗೆ ದಾರಿಗಳ್ಳ ಹೆಂಗಾಗ್ತಾನೆ ಅಂತ ಅವನು ಹೇಳೋದಿದೆಯಲ್ಲ, ಸೀರೀಸಲ್ಲಿ ಅದಕ್ಕಿಂತ ಒಳ್ಳೇ ಪುಟ ನಾನು ನೋಡಿಲ್ಲ. ಮಾರ್ಟಿನ್ ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂತ ಹೇಳಿ ಬದಲಿ ಸೇವೆ ಮಾಡಿದ ಮನುಷ್ಯ, ಅದು ಇಲ್ಲಿ ಕಾಣತ್ತೆ.

ರಾಣಿ ಸರ್ಸೀದು ಇನ್ನೊಂದು ಮಜಾ. ಸಿಂಹಾಸನ ಧರ್ಮಮಠಕ್ಕೆ ಕೊಡಬೇಕಿದ್ದ ಒಂಬತ್ತು ಲಕ್ಷಕ್ಕೂ ಮೀರಿದ ಚಿನ್ನದ ನಾಣ್ಯದ ಸಾಲ ಮನ್ನಾ ಆಗ್ಲಿ ಅಂತ ಅವರ ಕೈಗೇ ಮತ್ತೆ ಕತ್ತಿ ಹಿಡಿಯೋ ಪರ್ಮಿಷನ್ ಕೊಡ್ತಾಳೆ, ಅತ್ಲಾಗೆ ಸಾಲ ಕೊಟ್ಟ ಬ್ರಾವೋಸ್ ಪಟ್ಟಣದ ಬ್ಯಾಂಕಿಗೆ ಕಂತು ಕಟ್ಟಲ್ಲ ಅಂತಾಳೆ. ತಾನು ಭಾರೀ ಜಾಣೆ ಅನ್ಕೊಂಡೇ ಮಾಡ್ತಾಳೆ ಎಲ್ಲಾನೂ!

ಕಬ್ಬಿಣ ದ್ವೀಪದವರು ರಾಜನ್ನ ಆರಿಸೋ ಸಭೆ ಎಳೆದಿದಾರೆ, ಒಪ್ತೀನಿ.

ಯುದ್ಧ ಮುಗಿದ ಮೇಲಿನ ಕಥೆಗೆ ನಮ್ಮಲ್ಲೂ ಇದೇ ಗತಿ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸ್ದ, ಮುಂದಿನ ಪರ್ವಗಳನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಗಮಕದಲ್ಲಿ ತಿಮ್ಮಣ್ಣನ್ನ ಕೇಳಿದೋರು ಎಷ್ಟು ಜನ ಇದಾರೆ ಹೇಳಿ? ಗದೆ ಕೆಳಗಿಟ್ಟ ಮೇಲೆ ಕೇಳೋಕೆ ಯಾರೂ ಕೂರಲ್ಲ.

ಆ ಅಂಕಣ ಬರೆದೋರಿಗೆ ಬ್ರಿಯನ್ ಹೆಸರಿನ ಅಧ್ಯಾಯಗಳಲ್ಲಿ ಐದನೇದು, ಆ ಪಾದ್ರಿ ಮಾತಿರೋದು, ಅದೊಂದನ್ನ ಮತ್ತೆ ಓದೋಕೆ ಹೇಳಿ, ಆಮೇಲೂ ಬೋರು ಅಂದ್ರೆ ನಂದೇನೂ ತಕರಾರಿಲ್ಲ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ